ಎಳೆ ಎಲೆಯೋ, ಹಳೆ ಎಲೆಯೋ? ಬಾಗಲಕೋಟೆಯಲ್ಲಿ ಅನಂತ ಬೆಳೆಸಿದ ಅನುಭವ

ಬೆಳಗಾವಿಯ ನಮ್ಮ ತವರುಮನೆಯ ಬಾವಿಕಟ್ಟೆ ಪಕ್ಕ ಒಂದು ಅನಂತದ ಗಿಡ ಇತ್ತು. ನನಗಿಂತ ಎತ್ತರ. ಮಳೆಗಾಲ ಶುರುವಾಗುವ ಹೊತ್ತಿಗೆ ಗಿಡದ ತುಂಬ ಬಿಳಿ ಹೂವು. ಸಂಜೆ ದೀಪ ಹಚ್ಚುವ ವೇಳೆಗೆ ಅದರ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಅವ್ವ ಅದಕ್ಕೆ ಗೊಬ್ಬರ ಹಾಕಿದ್ದನ್ನು ನಾನು ನೋಡಿಲ್ಲ. ಬೇಸಿಗೆಯಲ್ಲಿ ಎರಡು ಕೊಡ ಬಾವಿ ನೀರು, ಅಷ್ಟೇ. ಉಳಿದದ್ದೆಲ್ಲ ಮಳೆಯ ಪಾಲು.

ಹಾಗಾಗಿ ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ, ನವನಗರದಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ, ಮೊದಲು ನೆಡಬೇಕು ಅನಿಸಿದ್ದು ಅದೇ ಗಿಡ. ಅದಕ್ಕೆ ಇಷ್ಟು ವರ್ಷ ಹಿಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೊದಲ ತೊಡಕು ಹೆಸರಿನದು. ಅನಂತ ಅನ್ನುವುದು ಮರಾಠಿಯವರ ಹೆಸರು. ಬೆಳಗಾವಿಯಲ್ಲಿ ನಾವೂ ಹಾಗೇ ಅನ್ನುತ್ತೇವೆ. ಬಾಗಲಕೋಟೆಗೆ ಬಂದು ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಗಂಧರಾಜ ಅಂದೆ. ಸುಗಂಧರಾಜದ ಗಡ್ಡೆ ತಂದು ಕೊಟ್ಟರು. ಅದು ಹಾರಕ್ಕೆ ಕಟ್ಟುವ ಉದ್ದ ಕಡ್ಡಿಯ ಹೂವು, ಬೇರೆಯೇ ಜಾತಿ. ಕೊನೆಗೆ ಗಾರ್ಡೇನಿಯಾ ಅಂತ ಹೇಳಿದಾಗ ಒಂದು ನರ್ಸರಿಯವರು ಮಿರಿಮಿರಿ ಮಿಂಚುವ ಎಲೆಯ ಗಿಡ ಕೊಟ್ಟರು. ಮನೆಗೆ ತಂದು ನೆಟ್ಟೆ. ಮೂರೇ ತಿಂಗಳಲ್ಲಿ ಹೂ ಬಿಟ್ಟಿತು. ಸುತ್ತು ಸುತ್ತು ಎಸಳಿನ ಬಿಳಿ ಹೂವು ಹೌದು, ವಾಸನೆ ಮಾತ್ರ ತೀರಾ ತೆಳು. ಅದು ನಂದಿಬಟ್ಟಲು, ಸುತ್ತೆಸಳಿನದು.

ಇದನ್ನು ಕೊಳ್ಳುವ ಮೊದಲೇ ಪತ್ತೆ ಹಚ್ಚಬಹುದು. ಒಂದು ಎಲೆಯ ತೊಟ್ಟು ಮುರಿಯಿರಿ. ಹಾಲು ಬಂದರೆ ನಂದಿಬಟ್ಟಲು. ಅನಂತದಲ್ಲಿ ಹಾಲು ಬರುವುದಿಲ್ಲ. ಅನಂತ ಕಾಫಿ ಗಿಡದ ಬಂಧು, ಕೇಪಳದ ಬಂಧು. ಈ ಬಂಧುತ್ವ ನೆನಪಿನಲ್ಲಿಡಿ. ನನ್ನ ಗಿಡದ ಕಷ್ಟವೆಲ್ಲ ಇದರಲ್ಲೇ ಅಡಗಿತ್ತು.

ನಂದಿಬಟ್ಟಲನ್ನು ನಾನು ಕೀಳಲಿಲ್ಲ. ಇಂದಿಗೂ ಗೇಟಿನ ಪಕ್ಕ ಚೆನ್ನಾಗಿದೆ, ದಿನಾ ದೇವರಿಗೆ ಹೂ ಕೊಡುತ್ತದೆ.

2021ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದಲೇ ಒಂದು ಸಣ್ಣ ಅನಂತದ ಗಿಡ ತಂದೆ. ಯರಗಟ್ಟಿ, ಲೋಕಾಪುರ ದಾಟಿ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. 140 ಕಿಲೋಮೀಟರಿನಷ್ಟು ದಾರಿ. ಆ ದಾರಿಯಲ್ಲಿ ಕಿಟಕಿಯಿಂದ ನೋಡುತ್ತಾ ಬಂದರೆ ಮಣ್ಣಿನ ಬಣ್ಣ ಬದಲಾಗುವುದು ಕಾಣುತ್ತದೆ. ಬೆಳಗಾವಿ ಕಡೆ ಕೆಂಪು. ಪೂರ್ವಕ್ಕೆ ಬಂದ ಹಾಗೆ ಕಪ್ಪು. ಲೋಕಾಪುರದ ಹತ್ತಿರ ಬಂದರೆ ಸುಣ್ಣಕಲ್ಲಿನ ಗಣಿಗಳು. ನಾನು ಅದನ್ನೆಲ್ಲ ಎಷ್ಟೋ ಸಲ ನೋಡಿದ್ದೆ. ತೊಡೆಯ ಮೇಲಿನ ಗಿಡಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಹಿತ್ತಲಲ್ಲಿ ಗುಂಡಿ ತೋಡಿ, ಎರೆ ಮಣ್ಣಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಸೇರಿಸಿ ನೆಟ್ಟೆ. ಮೊದಲ ಮೂರು ತಿಂಗಳು ಗಿಡ ಚೆನ್ನಾಗಿತ್ತು. ನರ್ಸರಿಯ ಕೆಂಪು ಮಣ್ಣಿನ ಹೆಂಟೆಯಲ್ಲೇ ಅದರ ಬೇರು ಇತ್ತಲ್ಲ, ಅದರ ಬಲ. ಬೇರು ಹೊರಗೆ ಚಾಚಿದ ಮೇಲೆ ಹೊಸ ಎಲೆಗಳು ಹಳದಿಯಾಗಿ ಬರತೊಡಗಿದವು. ನರ ಮಾತ್ರ ಹಸಿರು, ನಡುವೆ ಎಲ್ಲಾ ಹಳದಿ. ಯಾರೋ ಹಸಿರು ಪೆನ್ನಿನಿಂದ ಗೆರೆ ಎಳೆದ ಹಾಗೆ.

ಪಕ್ಕದ ಮನೆಯ ಕಾಕೂ ಪ್ರೀತಿಯಿಂದ ಹೇಳಿದರು, "ಒಲಿ ಬೂದಿ ಹಾಕವಾ, ಹಸರ ಆಕ್ಕೈತಿ." ಹಾಕಿದೆ. ಅವರ ಬದನೆ, ಮೆಣಸಿನ ಗಿಡಗಳು ಬೂದಿಗೆ ಚೆನ್ನಾಗಿ ಬರುವುದನ್ನು ನಾನೇ ನೋಡಿದ್ದೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ. ನೀರು ಸುಮ್ನೆ ಹಾಳಾಗಬಾರದು ಅಂತ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದಕ್ಕೇ ಹಾಕಿದೆ. ಈ ಮೂರೂ ಆ ಗಿಡಕ್ಕೆ ಒಗ್ಗದವು. ಬೂದಿಯಲ್ಲಿ ಕ್ಷಾರ, ಮೊಟ್ಟೆ ಸಿಪ್ಪೆಯಲ್ಲಿ ಸುಣ್ಣ. ಆರ್‌ಒ ಬಿಡುವ ನೀರಿನಲ್ಲಂತೂ ಬೋರಿನ ಉಪ್ಪು, ಸುಣ್ಣ ಎಲ್ಲಾ ಇನ್ನೂ ಗಟ್ಟಿಯಾಗಿ ಸೇರಿರುತ್ತವೆ. ಕಾಳಜಿ ಮಾಡುತ್ತಾ ಮಾಡುತ್ತಾ ಅದನ್ನು ಕೊಲ್ಲುತ್ತಿದ್ದೆ. ಇದನ್ನು ಈಗ ಬರೆಯುವಾಗಲೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ.

ಗಿಡ ಪೂರ್ತಿ ಒಣಗುವ ಮೊದಲು ನಾಲ್ಕು ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಉದ್ಯಾನಗಿರಿಯಲ್ಲಿ ನಡೆದ ತೋಟಗಾರಿಕೆ ಮೇಳಕ್ಕೆ ಹೋದೆ. ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ನಮ್ಮ ಊರಲ್ಲೇ ಶುರುವಾಯಿತು. ಮೇಳಕ್ಕೆ ಬರುವವರು ಹೆಚ್ಚಿನವರು ದಾಳಿಂಬೆ, ದ್ರಾಕ್ಷಿ, ಲಿಂಬೆಯ ರೈತರು. ಒಂದೇ ಒಂದು ಹೂವಿನ ಗಿಡದ ಎಲೆ ಹಿಡಿದು ನಿಂತಿದ್ದ ನನಗೆ ಸಂಕೋಚ ಆಗಿತ್ತು. ಆದರೆ ಮಳಿಗೆಯಲ್ಲಿದ್ದ ಹಿರಿಯರೊಬ್ಬರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು.

"ಹಳದಿ ಆಗಿದ್ದು ಎಳೀ ಎಲಿಯೋ, ಹಳೀ ಎಲಿಯೋ?"

ಎಳೆಯದು ಅಂದೆ.

"ಹಂಗಾದ್ರ ಗೊಬ್ಬರದ ಕೊರತಿ ಅಲ್ರಿ. ಕಬ್ಬಿಣ ಸಿಗವಲ್ದು. ಮಣ್ಣಾಗ ಐತಿ, ಆದ್ರ ಅದಕ್ಕ ಸಿಗವಲ್ದು."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಎಳೆದು ಕೊಡಲು ಗಿಡಕ್ಕೆ ಆಗುವುದಿಲ್ಲ. ಅದು ಹೋದ ಎಲೆಯಲ್ಲೇ ಉಳಿಯುತ್ತದೆ. ಹಾಗಾಗಿ ಕಬ್ಬಿಣ ಸಿಗದಿದ್ದರೆ ತುದಿಯ ಹೊಸ ಎಲೆಯೇ ಮೊದಲು ಹಳದಿ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಕರಗದೆ ತುಕ್ಕಿನ ಹಾಗೆ ಕುಳಿತುಬಿಡುತ್ತದೆ. ಬೇರು ಅದರ ಪಕ್ಕದಲ್ಲೇ ಇದ್ದರೂ ಕುಡಿಯಲಾರದು. ಕಾಫಿಯ ಕುಲದ ಈ ಗಿಡಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) 5ರಿಂದ 6.5ರ ಒಳಗೆ. ನನ್ನ ಹಿತ್ತಲಿನ ಮಣ್ಣನ್ನು ಆಮೇಲೆ ಪರೀಕ್ಷೆ ಮಾಡಿಸಿದೆ. 8.3 ಬಂತು.

ಪರೀಕ್ಷೆಗೆ ಮೊದಲೇ ಮನೆಯಲ್ಲಿ ನೋಡಿಕೊಳ್ಳುವ ಒಂದು ದಾರಿಯನ್ನೂ ಅವರೇ ಹೇಳಿಕೊಟ್ಟಿದ್ದರು. ಒಂದು ಚಮಚ ಒಣ ಮಣ್ಣಿನ ಮೇಲೆ ಲಿಂಬೆರಸ ಹಿಂಡಿ. ಗುಳುಗುಳು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ. ನಮ್ಮ ಮಣ್ಣು ಎಷ್ಟು ನೊರೆ ಬಿಟ್ಟಿತೆಂದರೆ ಮಗ ಓಡಿ ಬಂದು, ಇನ್ನೊಮ್ಮೆ ಹಾಕಿ ತೋರಿಸು ಅಂದ. ಎರೆ ಹೊಲದಲ್ಲಿ ಬಿಳಿ ಬಿಳಿ ಸುಣ್ಣದ ಹರಳು ಸಿಗುತ್ತವಲ್ಲ, ಅವೇ ಪುಡಿಯಾಗಿ ಎಲ್ಲಾ ಕಡೆ ಬೆರೆತಿರುತ್ತವೆ. ಇಂಥ ಮಣ್ಣಿಗೆ ಗಂಧಕ ಹಾಕಿ ಹುಳಿ ಮಾಡುತ್ತೇನೆ ಅಂದರೆ ಮುಗಿಯುವ ಕೆಲಸ ಅಲ್ಲ. ಹಾಕಿದ ಹುಳಿಯನ್ನೆಲ್ಲ ಆ ಸುಣ್ಣ ನುಂಗುತ್ತಲೇ ಇರುತ್ತದೆ.

ಆ ಮೊದಲ ಗಿಡ 2022ರ ದೀಪಾವಳಿ ಹೊತ್ತಿಗೆ ಹೋಯಿತು.

ಮುಂದಿನ ವರ್ಷ ಬೆಳಗಾವಿಯಿಂದ ಅಣ್ಣ ಫೋನ್ ಮಾಡಿದ. ಹಳೆ ಮನೆ ಕೆಡವಿ ಹೊಸದು ಕಟ್ಟುವುದು ನಿಶ್ಚಯವಾಗಿತ್ತು. ಬಾವಿಕಟ್ಟೆ ಇರುವ ಕಡೆಯೇ ಪಿಲ್ಲರ್ ಬರುತ್ತದೆ. ಗಿಡ ಉಳಿಯುವುದಿಲ್ಲ. ಅವ್ವ ಫೋನಿನಲ್ಲಿ ಅದರ ಬಗ್ಗೆ ಏನೂ ಹೇಳಲಿಲ್ಲ, ಊಟ ಆಯಿತಾ ಅಂತ ಮಾತ್ರ ಕೇಳಿದಳು.

ಬೀಳಗಿ ಹತ್ತಿರ ನನ್ನ ಮೈದುನನ ದಾಳಿಂಬೆ ತೋಟ ಇದೆ. ಅವನಿಗೆ ವಿಷಯ ಹೇಳಿದಾಗ, "ವೈನಿ, ಇದಕ್ಯಾಕ ಇಷ್ಟ ಚಿಂತಿ ಮಾಡ್ತೀರಿ? ಗೂಟಿ ಕಟ್ಟೋಣ. ದಾಳಿಂಬ್ರಿಗೆ ನಾವು ವರ್ಷಾ ಕಟ್ತೀವಲ್ಲ" ಅಂದ. ಗೂಟಿ ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಜುಲೈನಲ್ಲಿ ಇಬ್ಬರೂ ಬೆಳಗಾವಿಗೆ ಹೋದೆವು. ಜಿಟಿಜಿಟಿ ಮಳೆ. ಗೂಟಿ ಕಟ್ಟಲು ಅದೇ ಒಳ್ಳೆಯ ಕಾಲ.

ಅವನು ಮಾಡಿದ್ದು ಹೀಗೆ. ಪೆನ್ಸಿಲ್ ದಪ್ಪದ, ಒಂದು ವರ್ಷದ ಕೊಂಬೆ ಆರಿಸಿದ. ಎಲೆಯ ಗಂಟಿನ ಕೆಳಗೆ ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆದ. ಕಟ್ಟಿಗೆಯ ಮೇಲಿನ ಜಾರುವ ಪೊರೆಯನ್ನು ಚಾಕುವಿನ ಹಿಂಬದಿಯಿಂದ ಕೆರೆದ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸವರಿದ. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಉಂಡೆ ಮಾಡಿ ಸುತ್ತ ಒತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿದ. ಐದು ಗೂಟಿ. ಅವ್ವ ಛತ್ರಿ ಹಿಡಿದು ಅವನ ಪಕ್ಕ ನಿಂತಿದ್ದಳು. ಪ್ರತಿ ಗಂಟಿಗೂ "ಬಿಗೀ ಆತೇನೋ ತಮ್ಮಾ?" ಅಂತ ಕೇಳುತ್ತಿದ್ದಳು.

ಸೆಪ್ಟೆಂಬರ್‌ನಲ್ಲಿ ಹೋಗಿ ನೋಡಿದಾಗ ಮೂರರಲ್ಲಿ ಪ್ಲಾಸ್ಟಿಕ್‌ನ ಒಳಗಡೆ ಬಿಳಿ ಬೇರು ಕಾಣುತ್ತಿತ್ತು. ಎರಡು ಕೊಳೆತಿದ್ದವು, ಮೇಲಿನ ಗಂಟು ಸಡಿಲಾಗಿ ಮಳೆನೀರು ಒಳಗೆ ಹೋಗಿತ್ತು. ಮೂರನ್ನು ಕತ್ತರಿಸಿ, ಅರ್ಧ ಎಲೆ ತೆಗೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದೆವು. ಜೊತೆಗೆ ಬಾವಿಕಟ್ಟೆಯ ಪಕ್ಕದ ಕೆಂಪು ಮಣ್ಣು, ನಾಲ್ಕು ಚೀಲ. ಬೆಳಗಾವಿ ಕಡೆಯ ಈ ಮಣ್ಣಿಗೆ ಲಿಂಬೆರಸ ಹಿಂಡಿ ನೋಡಿದ್ದೆ. ಒಂದು ಗುಳ್ಳೆಯೂ ಏಳಲಿಲ್ಲ.

ಈ ಸಲ ನೆಲದ ಯೋಚನೆಯೇ ಮಾಡಲಿಲ್ಲ. ಸುಣ್ಣದ ನೆಲದಲ್ಲಿ ಎಷ್ಟು ದೊಡ್ಡ ಗುಂಡಿ ತೋಡಿ ಮಣ್ಣು ಬದಲಿಸಿದರೂ ಬೇರು ಒಂದು ದಿನ ಅಂಚು ದಾಟುತ್ತದೆ. ಕುಂಡವೇ ಸರಿ. ಹತ್ತು ಇಂಚಿನ ಮಣ್ಣಿನ ಕುಂಡ, ಕೆಳಗೆ ದೊಡ್ಡ ತೂತು. ಕೆಂಪು ಮಣ್ಣು ಎರಡು ಪಾಲು, ಎಲೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಭತ್ತದ ಹೊಟ್ಟು ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಮೂರು ಸಲ ನೀರಿನಲ್ಲಿ ತೊಳೆದು ಹಿಂಡಬೇಕು, ಅದರಲ್ಲಿ ಉಪ್ಪು ಇರುತ್ತದೆ. ಬೇವಿನ ಹಿಂಡಿ ಬೇರುಗಂಟಿನ ಹುಳಕ್ಕಾಗಿ. ಈ ಗಿಡಕ್ಕೆ ಆ ಹುಳದ ಕಾಟ ಬರುತ್ತದೆ.

ಮಣ್ಣಿಗಿಂತ ದೊಡ್ಡ ಪ್ರಶ್ನೆ ನೀರಿನದು. ಒಳ್ಳೆಯ ಮಣ್ಣು ತುಂಬಿಸಿ ಮೇಲಿಂದ ದಿನಾ ಬೋರಿನ ನೀರು ಹಾಕಿದರೆ ಒಂದು ವರ್ಷದಲ್ಲಿ ಆ ಮಣ್ಣೂ ಸುಣ್ಣವಾಗುತ್ತದೆ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರು ಕೂಡುತ್ತದೆ. ಮಣ್ಣಿನ ಕುಂಡದ ಹೊರಮೈ ಮೇಲೂ ಅದೇ ಬಿಳಿ. ಗಿಡದ ಬೇರಿಗೂ ಅದೇ ಸೇರುತ್ತದೆ ಅಂತ ನನಗೆ ಬಹಳ ತಡವಾಗಿ ಅರ್ಥವಾಯಿತು.

ಮೂರು ಕಡೆಯಿಂದ ನೀರು ಹೊಂದಿಸಿದೆ. ಒಂದು, ಮಳೆ ನೀರು. ತಾರಸಿಯ ಪೈಪಿಗೆ 200 ಲೀಟರಿನ ಎರಡು ಡ್ರಮ್ ಇಟ್ಟೆ. ಬಾಗಲಕೋಟೆಯ ಮಳೆ ಬೆಳಗಾವಿಯ ಹಾಗಲ್ಲ. ಬಂದರೆ ಒಂದೇ ರಾತ್ರಿ ಧೋ ಅಂತ ಬಂದು ಆಮೇಲೆ ವಾರಗಟ್ಟಲೆ ಇಲ್ಲ. ಸೆಪ್ಟೆಂಬರ್ ನಮಗೆ ಮುಖ್ಯವಾದ ತಿಂಗಳು. ಒಂದು ಜೋರು ಮಳೆಗೆ ಎರಡೂ ಡ್ರಮ್ ತುಂಬುತ್ತವೆ. ಮೊದಲ ಹತ್ತು ನಿಮಿಷದ ನೀರನ್ನು ಬಿಟ್ಟುಬಿಡುತ್ತೇನೆ, ತಾರಸಿಯ ಧೂಳು ಹೋಗಲಿ ಅಂತ. ಬಾಯಿಗೆ ದಪ್ಪ ಬಟ್ಟೆ ಬಿಗಿದು ಮುಚ್ಚುತ್ತೇನೆ. ಇಲ್ಲದಿದ್ದರೆ ಸೊಳ್ಳೆ.

ಎರಡು, ಎಸಿಯಿಂದ ತೊಟ್ಟಿಕ್ಕುವ ನೀರು. ಅದು ಗಾಳಿಯ ತೇವ ಹನಿಯಾಗಿ ಬಿದ್ದದ್ದು, ಸುಣ್ಣ ಇಲ್ಲ. ಏಪ್ರಿಲ್‌ನ ಒಣ ಗಾಳಿಯಲ್ಲಿ ಬಹಳ ಸಿಗುವುದಿಲ್ಲ. ಮೇ ಕೊನೆಗೆ ಗಾಳಿಯಲ್ಲಿ ತೇವ ಬಂದ ಮೇಲೆ ಒಂದು ರಾತ್ರಿಗೆ ಅರ್ಧ ಬಕೆಟ್ ತುಂಬುತ್ತದೆ.

ಮೂರು, ಎರಡೂ ಇಲ್ಲದಾಗ ಬೋರಿನ ನೀರನ್ನೇ ಹುಳಿ ಮಾಡುವುದು. ಸಿಟ್ರಿಕ್ ಆಸಿಡ್ ಅಂತ ಕಿರಾಣಿ ಅಂಗಡಿಯಲ್ಲಿ ಬಿಳಿ ಹರಳು ಸಿಗುತ್ತದೆ. 15 ಲೀಟರಿನ ಬಕೆಟ್‌ಗೆ ಒಂದು ಚಿಕ್ಕ ಚಮಚ ಸಾಕಾಗುತ್ತದೆ ನಮ್ಮ ನೀರಿಗೆ. ನಿಮ್ಮ ನೀರಿಗೆ ಎಷ್ಟು ಬೇಕೋ ಅದನ್ನು ಪಿಎಚ್ ಕಾಗದದ ಪಟ್ಟಿ ಅದ್ದಿ ನೋಡಿಯೇ ಹಾಕಬೇಕು. 6ರ ಹತ್ತಿರ ಬಂದರೆ ನಿಲ್ಲಿಸಿ. ಕಣ್ಣಳತೆಯಲ್ಲಿ ಹಾಕಿ ಬೇರು ಸುಡಬೇಡಿ. ಚಹದ ಚರಟ ಹಾಕಿದರೆ ಸಾಕು ಅಂತ ಹೇಳುವವರಿದ್ದಾರೆ. ನಾನು ಅದನ್ನೂ ಹಾಕಿ ನೋಡಿದ್ದೇನೆ. ಮಣ್ಣು ಸಡಿಲಾಗುತ್ತದೆ, ಇಷ್ಟು ಸುಣ್ಣದ ನೀರಿನ ಮುಂದೆ ಅದರ ಹುಳಿ ಏನೂ ಅಲ್ಲ.

ಕಬ್ಬಿಣದ ವಿಷಯವನ್ನೂ ಹೇಳಬೇಕು. ಮೊದಲು ಗ್ರಂಥಿಗೆ ಅಂಗಡಿಯಿಂದ ಅನ್ನಭೇದಿ ತಂದೆ. ಕಬ್ಬಿಣದ ಉಪ್ಪು ಅದು, ತಿಳಿ ಹಸಿರು ಹರಳು. ಆ ಅಂಗಡಿಯ ಒಂದು ಡಬ್ಬಿಯಲ್ಲಿ ಡಿಕೇಮಾಲಿಯೂ ಇತ್ತು. ಹಲ್ಲು ಬರುವ ಮಕ್ಕಳಿಗೆ ಹಿಂದಿನವರು ಹಚ್ಚುತ್ತಿದ್ದ ಆ ಗಾಟು ವಾಸನೆಯ ಅಂಟು ಬರುವುದು ಅನಂತದ ಕುಲದ್ದೇ ಕಾಡುಗಿಡದಿಂದ. ಅಂಗಡಿಯವರಿಗೆ ಹೇಳಿದರೆ ಅವರಿಗೂ ಖುಷಿಯಾಯಿತು. ಅನ್ನಭೇದಿಯನ್ನು ಮಣ್ಣಿಗೆ ಹಾಕಿದರೆ ಸುಣ್ಣ ಇರುವಲ್ಲಿ ಬೇಗ ತುಕ್ಕಾಗಿ ಕೂರುತ್ತದೆ. ಲೀಟರಿಗೆ ಎರಡು ಗ್ರಾಂ ಕರಗಿಸಿ, ನಾಲ್ಕು ಹನಿ ಲಿಂಬೆರಸ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿದಾಗ ಗುಣ ಕಂಡಿತು. ಅಂಗಳದ ಸಿಮೆಂಟಿನ ಮೇಲೆ ಬಿದ್ದರೆ ಕೆಂಪು ಕಲೆ, ಅದು ಹೋಗುವುದಿಲ್ಲ.

ಆಮೇಲೆ ಮೈದುನ ಚಿಲೇಟೆಡ್ ಕಬ್ಬಿಣ ತಂದುಕೊಟ್ಟ. ಅಂದರೆ ತುಕ್ಕಾಗಿ ಕೂರದ ಹಾಗೆ ಇನ್ನೊಂದು ರಾಸಾಯನಿಕ ಹಿಡಿದುಕೊಂಡಿರುವ ಕಬ್ಬಿಣ. ಅದರಲ್ಲಿ ಎರಡು ಬಗೆ. ಇಡಿಟಿಎ ಅನ್ನುವುದು ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಆದರೆ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಕೈಬಿಡುತ್ತದೆ. ಇಡಿಡಿಎಚ್‌ಎ ಅನ್ನುವುದು ದುಬಾರಿ, ಸುಣ್ಣದ ಮಣ್ಣಿನಲ್ಲೂ ಹಿಡಿದುಕೊಂಡಿರುತ್ತದೆ. ನಮ್ಮ ಕಡೆಯವರು ಚೀಟಿ ಓದಿ ಎರಡನೆಯದನ್ನೇ ಕೊಳ್ಳಬೇಕು. ನೀರಿಗೆ ಹಾಕಿದರೆ ಕಡು ಕೆಂಪಾಗುತ್ತದೆ. ಒಂದು ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೆ ಒಂದು ಸಲ ಬುಡಕ್ಕೆ. ಮೂರನೆಯ ವಾರಕ್ಕೆ ಬಂದ ಹೊಸ ಎಲೆ ಹಸಿರಾಗಿತ್ತು. ಅವ್ವನ ಗಿಡದ ಅದೇ ಎಣ್ಣೆ ಸವರಿದಂಥ ಹಸಿರು. ಅಂದು ಬೆಳಿಗ್ಗೆ ಅದರ ಮುಂದೆ ನಿಂತು ಚಹಾ ಕುಡಿದೆ. ಕೆಲಸಕ್ಕೆ ತಡವಾಯಿತು.

ನಡುವೆ ಒಂದು ಮಾತು. ವಿದೇಶದ ಪಟ್ಟಿಗಳಲ್ಲಿ ಹಾರ್ಡಿ ಗಾರ್ಡೇನಿಯಾ ಅಂತ ಕೆಲವು ತಳಿಗಳ ಹೆಸರು ಬರುತ್ತದೆ. ಕ್ಲೈಮ್ಸ್ ಹಾರ್ಡಿ ಅನ್ನುವುದು ಅದರಲ್ಲಿ ಹೆಸರುವಾಸಿ, ಒಂಟಿ ಸುತ್ತಿನ ಹೂವು, ಎರಡು ಮೂರು ಅಡಿ ಎತ್ತರ. ಗಟ್ಟಿ ಗಿಡ ಅಂದರಲ್ಲ, ನಮ್ಮ ಬಿಸಿಲಿಗೂ ತಡೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲಿ ಹಾರ್ಡಿ ಅಂದರೆ ಚಳಿಗೆ, ಹಿಮಕ್ಕೆ ತಡೆಯುವುದು. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋದರೂ ಅದು ಬದುಕುತ್ತದೆ. ಬಾಗಲಕೋಟೆಯಲ್ಲಿ ಆ ಗುಣದಿಂದ ಏನು ಉಪಯೋಗ? ನಮಗೆ ಬೇಕಾದ ಗಟ್ಟಿತನ 40 ಡಿಗ್ರಿಯ ಬಿಸಿಲಿನದು, ಸುಣ್ಣದ ನೀರಿನದು. ಆ ಮಟ್ಟಿಗೆ ಬೆಳಗಾವಿಯ ಯಾವುದೋ ಹಿತ್ತಲಿನಲ್ಲಿ ವರ್ಷಗಟ್ಟಲೆ ಬದುಕಿದ ಗಿಡದ ಗೂಟಿಯೇ ನನಗೆ ಹೆಚ್ಚು ನಂಬಿಕೆಯದು. ಅಂದ ಹಾಗೆ ಗಾರ್ಡೇನಿಯಾ ಅನ್ನುವ ಹೆಸರಿನಲ್ಲಿರುವ ಗಾರ್ಡನ್ ಒಬ್ಬ ವೈದ್ಯರು, ಅಲೆಕ್ಸಾಂಡರ್ ಗಾರ್ಡನ್, 18ನೆಯ ಶತಮಾನದವರು. ಗಿಡದ ಮೂಲ ಊರು ಚೀನಾ ಕಡೆ. ಅಲ್ಲಿ ಒಂಟಿ ಸುತ್ತಿನ ಗಿಡದ ಕಾಯಿಂದ ಹಳದಿ ಬಣ್ಣ ತೆಗೆಯುತ್ತಾರೆ.

2024ರ ಮಾರ್ಚ್‌ನಲ್ಲಿ ದೊಡ್ಡ ಕುಂಡದ ಗಿಡದಲ್ಲಿ ಹನ್ನೊಂದು ಮೊಗ್ಗು ಎಣಿಸಿದೆ. ದಿನಾ ಎಣಿಸುತ್ತಿದ್ದೆ. ಬೆಳಕು ಸಾಲದು ಅನಿಸಿ ಯುಗಾದಿಯ ಹೊತ್ತಿಗೆ ಕುಂಡವನ್ನು ತಾರಸಿಗೆ ಒಯ್ದೆ. ಒಂದು ವಾರದಲ್ಲಿ ಮೊಗ್ಗುಗಳ ತೊಟ್ಟು ಹಳದಿಯಾಯಿತು. ಮುಟ್ಟಿದರೆ ಸಾಕು, ಕೈಗೆ ಬಂತು. ಒಂಬತ್ತು ಉದುರಿದವು. ಮೊಗ್ಗು ಕಟ್ಟಿದ ಅನಂತವನ್ನು ಜಾಗ ಬದಲಿಸಬಾರದು. ಬಿಸಿ ಗಾಳಿ, ಒಂದು ದಿನ ನೀರು ತಪ್ಪಿ ಮರುದಿನ ಜಾಸ್ತಿ ಆಗುವುದು, ಇವಕ್ಕೂ ಮೊಗ್ಗು ಉದುರುತ್ತದೆ. ನಾನು ಮೂರನ್ನೂ ಒಟ್ಟಿಗೇ ಮಾಡಿದ್ದೆ. ಉಳಿದ ಎರಡೂ ಅರಳುವ ಮೊದಲೇ ಕಂದಿದವು. ಆ ವರ್ಷ ಹೂವಿಲ್ಲ.

ಆಮೇಲೆ ಕುಂಡಕ್ಕೆ ಒಂದೇ ಜಾಗ ಗೊತ್ತು ಮಾಡಿದೆ. ಮನೆಯ ಪೂರ್ವ ಬದಿ, ಬೆಳಗಿನ ಹತ್ತು ಹತ್ತೂವರೆವರೆಗೆ ಬಿಸಿಲು, ಆಮೇಲೆ ಗೋಡೆಯ ನೆರಳು. ಮಾರ್ಚ್ ಕೊನೆಯಿಂದ ಮೇಲೊಂದು ಹಸಿರು ನೆಟ್. ಬುಡದ ಮಣ್ಣು ಕಾಣದ ಹಾಗೆ ತೆಂಗಿನ ನಾರು ಹೊದಿಸಿದೆ. ಬೆರಳನ್ನು ಒಂದು ಇಂಚು ಒಳಗೆ ಹಾಕಿ ನೋಡಿ, ಒಣಗಿದ್ದರೆ ನೀರು. ಬೇಸಿಗೆಯಲ್ಲಿ ಅದು ದಿನಾ ಬೆಳಿಗ್ಗೆ, ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ. ಒಣ ಗಾಳಿಗೆ ಎಲೆಯ ಕೆಳಗೆ ನುಸಿ ಕೂರುತ್ತದೆ, ಅದಕ್ಕೆ ವಾರಕ್ಕೆರಡು ಸಲ ಎಲೆಯ ಅಡಿಗೆ ನೀರು ಚಿಮುಕಿಸುವುದು. ಹಿಟ್ಟು ತಿಗಣೆ ಬಂದಾಗ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಲೀಟರಿಗೆ ಐದು ಮಿಲಿ ಬೇವಿನೆಣ್ಣೆ ಸ್ವಲ್ಪ ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊಡೆದೆ. ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ತಿಗಣೆ ಎಲ್ಲೋ ಇದೆ ಅಂತಲೇ ಅರ್ಥ.

ಆ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ತುದಿಯ ಎಲೆಗಳೇ ಇಲ್ಲ. ನರ ಕೂಡ ಉಳಿದಿರಲಿಲ್ಲ. ಬಹಳ ಹುಡುಕಿದ ಮೇಲೆ ಕಂಡಿತು, ಬೆರಳುದ್ದದ ಹಸಿರು ಹುಳ, ಬಾಲದಲ್ಲಿ ಒಂದು ಕೊಂಬು. ಎಲೆಯ ಬಣ್ಣವೇ ಅದರ ಬಣ್ಣ. ಒಟ್ಟು ನಾಲ್ಕಿದ್ದವು. ಮೂರನ್ನು ತೆಗೆದು ದೂರ ಬಿಟ್ಟೆ. ಒಂದನ್ನು ಮಗ ಡಬ್ಬಿಯಲ್ಲಿ ಮಣ್ಣು ಹಾಕಿ ಸಾಕಿದ, ದಿನಾ ಎರಡೆರಡು ಎಲೆ ನಾನೇ ಕಿತ್ತುಕೊಟ್ಟೆ. ಅದು ಮಣ್ಣಿಗಿಳಿದು ಕೋಶವಾಯಿತು. ಆಮೇಲೆ ಒಂದು ದಿನ ಗಾಜಿನಂಥ ರೆಕ್ಕೆಯ, ದುಂಬಿಯಂತೆ ಕಾಣುವ ಪತಂಗ ಹೊರಗೆ ಬಂತು. ಹಗಲಿನಲ್ಲೇ ಹಾರುವ ಪತಂಗ ಅದು, ಕಾಫಿ ಗಿಡದ ಮೇಲೂ ಮೊಟ್ಟೆ ಇಡುತ್ತದೆ. ಬಂಧುತ್ವ ಅದಕ್ಕೆ ಗೊತ್ತಿದೆ. ಗಿಡ ಒಂದೇ ತಿಂಗಳಲ್ಲಿ ಮತ್ತೆ ಚಿಗುರಿತು.

2025ರಲ್ಲಿ ಮೊಗ್ಗು ನಿಂತವು. ಮೇ ಕೊನೆಯ ವಾರ, ಎರಡು ಮಳೆ ಆಗಿತ್ತು. ಅವ್ವ ನಮ್ಮಲ್ಲೇ ಇದ್ದಳು. ಅನಂತದ ಮೊಗ್ಗು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ, ಹಸಿರು ಮಿಶ್ರಿತ ಬಿಳಿ. ಸಂಜೆ ಐದಕ್ಕೆ ಆ ತಿರುಚು ಸಡಿಲವಾಗಿತ್ತು. ನಾನು ಅವ್ವನಿಗೆ ಹೇಳಲಿಲ್ಲ. ಏಳರ ಹೊತ್ತಿಗೆ ಒಳಗೆ ಟಿವಿ ನೋಡುತ್ತಿದ್ದವಳು ತಾನೇ ಎದ್ದು ಹೊರಗೆ ಬಂದಳು. ಹೂವನ್ನು ಕೈಯಿಂದ ಮುಟ್ಟಲಿಲ್ಲ. ಮುಟ್ಟಿದ ಕಡೆ ಕಂದು ಕಲೆ ಆಗುತ್ತದೆ ಅಂತ ಅವಳಿಗೆ ಗೊತ್ತು. ಬಗ್ಗಿ ಮೂಸಿ, "ನಮ್ಮ ಬಾವಿಕಟ್ಟಿದು" ಅಂದಳು. ಆ ಹೂವನ್ನು ಕೀಳಬೇಡ ಅಂದಳು. ಮೂರನೆಯ ದಿನ ಅದು ಬೆಣ್ಣೆಯ ಬಣ್ಣಕ್ಕೆ ತಿರುಗಿತು. ನಾಲ್ಕನೆಯ ದಿನ ತಾನೇ ಕಿತ್ತು ಮುಡಿಗೆ ಇಟ್ಟುಕೊಂಡಳು. ಹಳದಿಯಾದ ಮೇಲೂ ವಾಸನೆ ಇರುತ್ತದೆ.

ಆ ವರ್ಷ ಜುಲೈವರೆಗೆ ಇಪ್ಪತ್ಮೂರು ಹೂವು. ಹೂ ಮುಗಿದ ತಕ್ಷಣ ತುದಿ ಸವರಿದೆ. ತಡ ಮಾಡಿ ಚಳಿಗಾಲದಲ್ಲಿ ಕತ್ತರಿಸಿದರೆ ಮುಂದಿನ ವರ್ಷದ ಮೊಗ್ಗೂ ಅದರ ಜೊತೆ ಹೋಗುತ್ತದೆ. ಹನ್ನೆರಡು ಇಂಚಿನ ಕುಂಡಕ್ಕೆ ಬದಲಿಸಿದ್ದೂ ಆಗಲೇ.

ಮೂರು ಗೂಟಿಗಳಲ್ಲಿ ಒಂದನ್ನು ಅಣ್ಣನ ಹೊಸ ಮನೆಗೆ ವಾಪಸ್ ಕಳಿಸಿದೆ. ಇನ್ನೊಂದನ್ನು ವಿಜಯಪುರದ ನಾದಿನಿ ಕೇಳಿ ಒಯ್ದಳು. ಅವರ ಬೋರಿನ ನೀರು ನಮ್ಮದಕ್ಕಿಂತ ಗಡಸು. ಗಿಡ ಕೊಡುವ ಮೊದಲು ಡ್ರಮ್ ಇಟ್ಟಿದ್ದಾಳಾ ಅಂತ ಕೇಳಿದೆ. ಇಟ್ಟಿದ್ದಾಳೆ. ಕೆಂಪು ಮಣ್ಣು ಎರಡು ಚೀಲ, ಪಿಎಚ್ ಪಟ್ಟಿಯ ಒಂದು ಡಬ್ಬಿ ಜೊತೆಗೆ ಕಟ್ಟಿಕೊಟ್ಟೆ.

ಹೋದ ತಿಂಗಳು ರಾತ್ರಿ ಒಂಬತ್ತಕ್ಕೆ ಅವಳ ಫೋನ್. ದನಿಯಲ್ಲೇ ಗಾಬರಿ.

"ವೈನಿ, ಎಲಿ ಹಳದಿ ಆಗ್ಯಾವ್ರೀ."

"ಎಳೀವೋ, ಹಳೀವೋ?"

ಬ್ಯಾಟರಿ ಹಿಡಿದು ಹೊರಗೆ ಹೋದ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತು ಮಾತಿಲ್ಲ.

"ಹಳೀವು. ಬುಡದಾಗಿನ ಮೂರು. ಮ್ಯಾಲ ಚಿಗುರು ಹಸರ ಐತಿ."

"ಹಂಗಾದ್ರ ಬಿಡು. ಅವು ಉದುರೋ ಎಲಿ."